ನೀಲವ್ವನ ಊಟದ ಪಾಳಿ

ಬೇವೂರಿನ ನೀಲವ್ವನ ಗಂಡಗ ಗಂಟಲ ಕ್ಯಾನ್ಸರ್. ಮೂಗಿನ ಪೈಪಿನಾಗ ತೆಳ್ಳನ ಗಂಜಿ ಹೆಂಗ ಹಾಕಬೇಕಂತ ಆಕಿಗೆ ಕಲಿಸಾಕ ನರ್ಸ್ ಆಗಿ ಅವರ ಮನಿಗೆ ಹೋಗಿದ್ದೆ. ಆಕಿ ಲಗೂನ ಕಲತ್ಲು, ಆದ್ರ ನಿಂತಲ್ಲೇ ತೂಗಾಡಾಕತ್ತಿದ್ಲು.

“ನಿಮ್ಮದು ಊಟ ಆತೇನವ್ವಾ?”

“ಅವರದು ಮುಗದಮ್ಯಾಲ ಉಣ್ತೇನ್ರಿ. ಮದುವಿ ಆದಾಗಿಂದ ಹಂಗ ನಡದೈತಿ.”

“ಅವರಿಗೆ ಎರಡು ತಾಸಿಗೊಮ್ಮೆ ಹಾಕಬೇಕಲ್ಲ?”

“ಹೂನ್ರಿ. ಅದಕ್ಕ ನನ್ನ ಪಾಳಿನ ಬರವಲ್ದು.”

ನಾ ಕೈಯಾಗಿನ ಪುಸ್ತಕ ತಿರುವಿದೆ. ಅದರಾಗ ರೋಗಿ ಊಟದ ವ್ಯಾಳ್ಯಾ ಎಲ್ಲಾ ಇತ್ತು, ಆಕಿದು ಇರಲಿಲ್ಲ.

ಮಾತು ಹೋಗಿದ್ದ ಗಂಡ ರೊಟ್ಟಿ ಬುಟ್ಟಿ ಆಕಿ ಮುಂದ ಸರಿಸಿದ. ಆಕಿ ಒಂದು ರೊಟ್ಟಿ ಮುಗಸೋತನಕ ಪೈಪಿನ ಬಾಯಿ ಬೆರಳಿಂದ ಮುಚ್ಚಿ ಹಿಡಕೊಂಡು ಕುಂತ.

ಗಂಜಿ ಆರಿತು. ಬಿಸಿದು ಹಾಕಬಾರದಂತ ನಾನ ಕಲಿಸಿದ್ದೆ, ಹಿಂಗಾಗಿ ತಡಾ ಮಾಡಿದ್ದಕ್ಕ ಅವರಿಗೆ ಬೈಯಾಕೂ ಬರಲಿಲ್ಲ.