ಬ್ರೇಕ್ ಒತ್ತುವ ಹೆಂಗಸು

ದೊಡ್ಡ ಲಾರಿಯ ಬ್ರೇಕು ನಡೆಯುವುದು ಗಾಳಿಯಿಂದ. ಆ ಗಾಳಿ ಓಡಾಡುವ ಪೈಪುಗಳ ಜೋಡಣೆಯಲ್ಲಿ ಕೆಲವು ಮಹಾ ಕಳ್ಳ ಲೀಕುಗಳಿರುತ್ತವೆ. ಗಾಡಿ ಸುಮ್ಮನೆ ನಿಂತಾಗ ಉಸಿರೆತ್ತುವುದಿಲ್ಲ, ಬ್ರೇಕ್ ಒತ್ತಿದಾಗ ಮಾತ್ರ ಸುಯ್ಯೆನ್ನುತ್ತವೆ. ಹಾಗಾಗಿ ಒಬ್ಬರು ಮೇಲೆ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಗಾಡಿಯಡಿ ಮಲಗಿ ಸೋಪಿನ ನೊರೆ ಹಚ್ಚುತ್ತಾ ಗುಳ್ಳೆ ಎಲ್ಲೇಳುತ್ತದೆಂದು ಹುಡುಕಬೇಕು. ಆ ಶೆಡ್ಡಿನಲ್ಲಿ ಕೆಳಗೆ ಮಲಗುತ್ತಿದ್ದವನು ಮೆಕ್ಯಾನಿಕ್, ಮೇಲೆ ಕೂರುತ್ತಿದ್ದವಳು ಅವನ ಹೆಂಡತಿ.

ಮದುವೆಯಾದ ಹೊಸದರಲ್ಲಿ ಊಟದ ಡಬ್ಬಿ ಕೊಡಲು ಬಂದವಳಿಗೆ ಅವನು, "ಒಂದು ನಿಮಿಷ ಹತ್ತಿ ಕೂತ್ಕೋ" ಎಂದಿದ್ದ. ಮಕ್ಕಳಾಗಿ, ಆ ಮಕ್ಕಳು ಬೆಳೆದು ಬೇರೆ ಮನೆ ಮಾಡಿದರೂ ಆ ಒಂದು ನಿಮಿಷ ಮುಗಿದಿರಲಿಲ್ಲ. ಮುಂದೆ ಶೆಡ್ಡು, ಹಿಂದೆ ಮನೆ. ಒಲೆಯ ಉರಿ ಸಣ್ಣ ಮಾಡಿ ಬಂದು ಕೂರುವಳು. ಕೆಳಗಿಂದ "ಒತ್ತು" ಎಂದರೆ ಒತ್ತುವಳು, "ಬಿಡು" ಎಂದರೆ ಬಿಡುವಳು. ಬೇರೆ ಯಾವ ವಿಷಯದಲ್ಲೂ ಗಂಡನ ಮಾತನ್ನು ಇಷ್ಟು ಚೆನ್ನಾಗಿ ಕೇಳಿದವಳಲ್ಲ. ಗಾಳಿಯ ಒತ್ತಡ ತೋರಿಸುವ ಮೀಟರಿನ ಮುಳ್ಳು ಇಳಿಯುವ ಬಗೆ ನೋಡಿಯೇ, "ಸಣ್ಣದಲ್ಲ ರೀ, ಪೈಪೇ ಹೋಗಿರಬೇಕು" ಎನ್ನುವಳು. ಹೆಚ್ಚಿನ ಸಲ ಅದೇ ನಿಜವಾಗುತ್ತಿತ್ತು.

ಹೋದ ಬೇಸಿಗೆಯಲ್ಲಿ ಒಂದು ಹಳೇ ಲಾರಿ ಬಂತು. ಮುಂದಿನ ಬ್ರೇಕು ಸವೆದು ಹೆಸರಿಗಷ್ಟೇ ಉಳಿದಿದ್ದ ಗಾಡಿ. ಹ್ಯಾಂಡ್‌ಬ್ರೇಕ್ ಬಿಟ್ಟು ನೋಡಬೇಕಾದ ಲೀಕು, ಶೆಡ್ಡಿನ ನೆಲವೋ ಸ್ವಲ್ಪ ಇಳಿಜಾರು. ಅವಳು ಪೆಡಲ್ ಒತ್ತಿ ಕೂತಿದ್ದಳು. ಇದ್ದಕ್ಕಿದ್ದಂತೆ ಕೆಳಗೆ ಬುಸ್ಸೆಂದು ಸದ್ದಾಯಿತು, ಗಾಡಿ ಉರುಳತೊಡಗಿತು. ಅವಳ ಕೈ ತಾನಾಗಿ ಹೋಗಿ ಹ್ಯಾಂಡ್‌ಬ್ರೇಕ್ ಎಳೆಯಿತು. ಗಾಡಿ ನಿಂತಾಗ ಚಕ್ರಕ್ಕೂ ಅವನ ಭುಜಕ್ಕೂ ನಡುವೆ ಒಂದು ಗೇಣು ಉಳಿದಿತ್ತು.

ಅವನು ಮೈ ಕೊಡವಿಕೊಂಡು ನಗುತ್ತಲೇ ಎದ್ದ. ಸಂಜೆಯೊಳಗೆ ಅದು ಚಹಾ ಅಂಗಡಿಯ ಕತೆಯಾಯಿತು. "ಇಷ್ಟು ವರ್ಷ ಸಂಸಾರ ಮಾಡಿ ಸಾಕಾಗಿತ್ತು ಅನ್ಸುತ್ತೆ ಇವಳಿಗೆ. ನನ್ನ ಮೇಲೆ ಲಾರಿ ಹತ್ತಿಸೇ ಬಿಡ್ತಿದ್ಲು. ಕಾಲು ಜಾರಿತು ಪಾಪ" ಎಂದು ಅವನು ಹೇಳಿದರೆ ಎಲ್ಲರೂ ಹೊಟ್ಟೆ ಹಿಡಿದು ನಗುವರು. ಆಮೇಲೆ ಶೆಡ್ಡಿಗೆ ಬಂದವರೆಲ್ಲ, "ಅಕ್ಕಾ, ಇವತ್ತು ಯಾರ ಸರದಿ?" ಎಂದು ಕೇಳತೊಡಗಿದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಕಾಲು ಜಾರಿತೆಂದು ಅವಳು ಎಂದೂ ಹೇಳಿರಲಿಲ್ಲ. ಆದರೆ ಸಾವಿರ ಸಲ ಕೇಳಿದ ಮಾತು ಕಣ್ಣಾರೆ ಕಂಡದ್ದನ್ನೂ ಅಳಿಸಿಬಿಡುತ್ತದೆ. ನಿಜವಾಗಿ ಜಾರಿತ್ತೇನೋ? ಒಲೆ ನೆನಪಾಗಿ ಒಂದು ಕ್ಷಣ ಕಾಲೆತ್ತಿದ್ದೆನೇನೋ? ಪಾತ್ರೆ ತೊಳೆಯುವಾಗಲೂ ಬಲಗಾಲನ್ನು ನೆಲಕ್ಕೊತ್ತಿ, ಅದು ತನ್ನಷ್ಟಕ್ಕೆ ಮೇಲೇಳುತ್ತದೆಯೇ ಎಂದು ನೋಡಿಕೊಳ್ಳುವಳು. ಶೆಡ್ಡಿನ ಕಡೆ ಹೋಗುವುದನ್ನೇ ನಿಲ್ಲಿಸಿದಳು. ಮಂಡಿನೋವು ಎಂದಳು, ಅವನು ನಂಬಿದ.

ಅವಳಿಲ್ಲದೆ ಅವನು ಸೀಟಿಗೂ ಪೆಡಲಿಗೂ ನಡುವೆ ಕೋಲು ಸಿಕ್ಕಿಸಿ ದಿನ ತಳ್ಳಿದ. ಮೊನ್ನೆ ಬಂದ ಲಾರಿಯಲ್ಲಿ ಆ ಕೋಲು ನಿಲ್ಲಲೇ ಇಲ್ಲ. ಡ್ರೈವರನ್ನೇ ಕೂರಿಸಿದರೆ ಫೋನು ಬಂದಾಗಲೆಲ್ಲ ಅವನ ಕಾಲು ಮೇಲೇಳುತ್ತಿತ್ತು. ಮೆಕ್ಯಾನಿಕ್ ನೊರೆ ಮೆತ್ತಿದ ಕೈಯಲ್ಲೇ ಅಡುಗೆಮನೆ ಬಾಗಿಲಿಗೆ ಬಂದು ನಿಂತ.

"ಸ್ವಲ್ಪ ಬಾರೇ. ನೀನಿಲ್ಲದೆ ಆಗ್ತಿಲ್ಲ."

"ನಂದು ಜಾರೋ ಕಾಲು. ನಿಮಗೆ ಜೀವದ ಮೇಲೆ ಆಸೆ ಇಲ್ವಾ?"

ಅವನು ಅಭ್ಯಾಸಬಲದಿಂದ ನಕ್ಕ.

"ನಗಬೇಡಿ. ಅವತ್ತು ನಾನು ಕಾಲು ಎತ್ತಿದ್ನಾ? ನನಗೆ ನಿಜವಾಗ್ಲೂ ಗೊತ್ತಿಲ್ಲ ರೀ. ನಿಮ್ಮನ್ನ ನಾನು ಕೊಂದುಬಿಡ್ತಿದ್ನಾ?"

ಅವನ ನಗು ಅರ್ಧಕ್ಕೇ ನಿಂತಿತು. ತಾನು ಕಟ್ಟಿದ ಕತೆಯನ್ನು ಇವಳೂ ನಂಬಿಕೊಂಡು ಕೂತಿರಬಹುದೆಂದು ಅವನಿಗೆ ಕನಸಿನಲ್ಲೂ ಹೊಳೆದಿರಲಿಲ್ಲ. ಅವನು ಹೊಸ್ತಿಲ ಮೇಲೆ ಕುಕ್ಕರಿಸಿ ಕೂತ.

"ಇಲ್ಲ. ನಿನ್ನ ಕಾಲು ಇದ್ದಲ್ಲೇ ಇತ್ತು. ಬಿಡು ಅಂತ ನಿನಗೆ ಹೇಳದೇನೇ ನಾನು ಪೈಪಿನ ನಟ್ಟು ಬಿಚ್ಚಿದೆ, ಗಾಳಿಯೆಲ್ಲ ಹೊರಟುಹೋಯ್ತು. ಚಕ್ರಕ್ಕೆ ಅಡ್ಡಾನೂ ಇಟ್ಟಿರಲಿಲ್ಲ. ಒಂದು ನಿಮಿಷದ ಕೆಲಸ ತಾನೇ ಅನ್ಕೊಂಡೆ."

"ಮತ್ತೆ ಊರಿಗೆಲ್ಲ ಹಾಗೆ ಯಾಕೆ ಹೇಳ್ಕೊಂಡು ಬಂದ್ರಿ?"

"ಭಯ ಆಗಿತ್ತು ಕಣೇ. ನಕ್ಕುಬಿಟ್ರೆ ಹೋಗುತ್ತೆ ಅನ್ಕೊಂಡಿದ್ದೆ."

"ನಿಮ್ಮದು ಹೋಯ್ತು. ನನ್ನ ಹತ್ರ ಬಂತು."

ಅವಳು ಒಲೆ ಆರಿಸಿ, ಅವನನ್ನು ದಾಟಿಕೊಂಡು ಶೆಡ್ಡಿಗೆ ನಡೆದಳು. ಚಕ್ರಗಳಿಗೆ ಅಡ್ಡ ಕೊಟ್ಟಿದ್ದ ಮರದ ತುಂಡುಗಳನ್ನು ಒಂದೊಂದಾಗಿ ಕಾಲಿನಿಂದ ಒದ್ದು ನೋಡಿದಳು. ಡ್ರೈವರನನ್ನು ಕೆಳಗಿಳಿಸಿ ತಾನು ಹತ್ತಿ ಕೂತಳು.

"ಒತ್ತು" ಎಂದ ಅವನು, ಮತ್ತೆ ಗಾಡಿಯಡಿ ಮಲಗಿ.

ಒತ್ತಿದಳು. ಆಗ ಎಲ್ಲಿತ್ತೋ ಅಳು, ಒಮ್ಮೆಗೇ ನುಗ್ಗಿ ಬಂತು. ಇಷ್ಟು ತಿಂಗಳು ತನ್ನ ಕಾಲಿನ ಮೇಲೆ ತಾನೇ ಅನುಮಾನಪಟ್ಟು ಬದುಕಿದ್ದಕ್ಕೆ ಸಿಟ್ಟು, ಕೊಲೆಪಾತಕಿ ತಾನಲ್ಲವೆಂಬ ಸಮಾಧಾನ, ಎರಡೂ ಕೂಡಿ ಬಂದ ಅಳು. ಭುಜ ಕುಲುಕುತ್ತಿತ್ತು, ಮೂಗು ಸೋರುತ್ತಿತ್ತು. ಡ್ರೈವರ್ ಗಾಬರಿಯಿಂದ "ಏನಾಯ್ತಕ್ಕ?" ಎಂದ. ಅವಳು ತಿರುಗಿ ನೋಡಲಿಲ್ಲ. ಕೆಳಗೆ ಗಂಡ ಮಲಗಿದ್ದ, ಪೆಡಲ್ ಮೇಲಿನ ಕಾಲು ಕೂದಲೆಳೆಯಷ್ಟೂ ಅಲುಗಲಿಲ್ಲ.

"ಸಿಕ್ತು" ಎಂದು ಕೆಳಗಿಂದ ದನಿ ಬಂತು. "ಪೈಪು ಕೂರೋ ಜಾಗದಲ್ಲೇ ಸೋರ್ತಿದೆ. ಯಾರೋ ಅತಿಯಾಗಿ ಬಿಗಿ ಮಾಡಿ ಒಳಗಿನ ರಿಂಗು ಹಿಸುಕಿಹೋಗಿದೆ. ಬಿಡು."

ಅವಳು ಬಿಡಲಿಲ್ಲ. ಸೆರಗಿನಿಂದ ಸಾವಕಾಶವಾಗಿ ಕಣ್ಣು, ಮೂಗು ಒರೆಸಿಕೊಂಡಳು. ಅವನು ಎರಡನೇ ಸಲ ಕೂಗಲಿಲ್ಲ, ಸ್ಪ್ಯಾನರನ್ನೂ ಮುಟ್ಟಲಿಲ್ಲ. ಎಣ್ಣೆ ಮೆತ್ತಿದ ನೆಲದ ಮೇಲೆ, ಅಷ್ಟು ತೂಕದ ಲಾರಿಯಡಿ ಅಂಗಾತ ಮಲಗಿ ಸುಮ್ಮನೆ ಕಾದ.

"ಬಿಟ್ಟೆ" ಎಂದಳು ಕೊನೆಗೆ. "ಈಗ ಬಿಚ್ಚಿ."