ಕೀಲಿ ಕೊಡದ ನೀಲವ್ವ

ನಮ್ಮ ಅಂಗಳದಲ್ಲಿ ಒಂದು ಬೈಕ್ ಹದಿನೆಂಟು ದಿನ ಕುತ್ತಿಗೆಯನ್ನು ಎಡಕ್ಕೆ ತಿರುವಿಕೊಂಡು ನಿಂತಿತ್ತು. ಮದುವೆ ಮನೆಯಲ್ಲಿ ಮರ್ಯಾದೆ ಕಡಿಮೆಯಾಯಿತೆಂದು ಬೀಗಿತ್ತಿ ಮುಖ ತಿರುಗಿಸಿ ಕೂರುತ್ತಾರಲ್ಲ, ಥೇಟ್ ಹಾಗೆ.

ಎಂಜಿನ್ ರೆಡಿ. ಪೇಂಟ್ ರೆಡಿ. ಹೊಸ ಬಟನ್ ಟೈರು, ಹೊಸ ಸೀಟು, ಮುಖ ಕಾಣುವಷ್ಟು ಮಿಂಚುವ ಹ್ಯಾಂಡಲ್. ಇಲ್ಲದ್ದು ಒಂದೇ, ಕೀಲಿ. ಹ್ಯಾಂಡಲ್ ಲಾಕ್ ಆಗಿತ್ತು. ಹಾಗೇ ಹತ್ತಿದರೆ ನಮ್ಮ ತುಳಸಿ ಕಟ್ಟೆಯನ್ನು ಸುತ್ತುತ್ತಲೇ ಇರಬೇಕು. (ತಿರುಗಿದ್ದು ಎಡಕ್ಕೆ. ಹಾಗಾಗಿ ಅದೂ ಅಪ್ರದಕ್ಷಿಣೆ.)

ಕೀಲಿ ಎಲ್ಲಿತ್ತು? ತಿಕೋಟಾದಲ್ಲಿ, ಗಾಡಿ ಕೊಟ್ಟ ನೀಲವ್ವನ ಹತ್ತಿರ. ಫೋನ್ ಮಾಡಿ ಕೇಳಿದರೆ ಅವರು ಹೇಳಿದ್ದು ಇಷ್ಟೇ: "ಗಾಡಿ ಕೊಟ್ಟೇನ್ರಿ. ಕೀಲಿ ಕೊಡೂದಿಲ್ಲ."

ಇದೆಂಥ ಮಾತು? ಮೊದಲಿನಿಂದ ಹೇಳುತ್ತೇನೆ.

ಈ ಅಂಕಣ ಓದುವವರಿಗೆ ನಮ್ಮ ಮನೆಯವರು, ಅಂದರೆ ನನ್ನ ಗಂಡ, ಹೊಸಬರಲ್ಲ. ಸಿದ್ಧೇಶ್ವರ ಗುಡಿ ಹಿಂದಿನ ಓಣಿಯಲ್ಲಿ ಮನೆ, ಡ್ರಿಪ್ ಪೈಪಿನ ಅಂಗಡಿ, ರಾತ್ರಿ ಒಂಬತ್ತಕ್ಕೆ ಊಟ. ಇಂಥವರು ಕಾಲೇಜಿನ ದಿನಗಳಲ್ಲಿ ಊರ ಹೊರಗಿನ ಬಯಲಿನಲ್ಲಿ ಮಣ್ಣಿನ ದಿಬ್ಬ ಹಾಕಿ, ಅದರ ಮೇಲಿಂದ ಬೈಕ್ ಹಾರಿಸುತ್ತಿದ್ದರು ಅಂದರೆ ನಂಬುತ್ತೀರಾ? ಎತ್ತರದ ಮಡ್‌ಗಾರ್ಡ್, ಮೇಲಕ್ಕೆತ್ತಿ ಕೂರಿಸಿದ ಸೈಲೆನ್ಸರ್, ಟೂ ಸ್ಟ್ರೋಕ್ ಎಂಜಿನ್. ಆಗಿನ ಹುಡುಗರು ಗ್ಯಾರೇಜಿನಲ್ಲಿ ಬಡಿದು ಕುಟ್ಟಿ ಮಾಡಿಸಿಕೊಂಡ ಡರ್ಟ್ ಬೈಕ್.

ನಮ್ಮ ಮದುವೆಯ ಮಾತುಕತೆಯಲ್ಲಿ ನನ್ನ ಅಪ್ಪ ಒಂದೇ ಶರತ್ತು ಹಾಕಿದ್ದರು. "ಗಾಳಿಯಾಗ ಹಾರೂ ಹುಡುಗಗ ನನ್ನ ಮಗಳನ್ನ ಕೊಡೂದಿಲ್ಲ. ಮೊದಲ ಗಾಡಿ ಇಳೀಲಿ, ಆಮ್ಯಾಲ ಕುದುರಿ ಏರ್ಲಿ."

ಆ ವಾರವೇ ಗಾಡಿ ತಿಕೋಟಾದ ದ್ರಾಕ್ಷಿ ತೋಟದವರೊಬ್ಬರ ಮನೆಗೆ ಹೋಯಿತು. ಇವರು ಮದುವೆಯ ಕುದುರೆ ಏರಿದರು.

ಇಪ್ಪತ್ತೊಂಬತ್ತು ವರ್ಷ ಇವರು ಅದರ ಹೆಸರೆತ್ತಲಿಲ್ಲ. ಅತ್ತೆಯವರು ಮಾತ್ರ ಇರುವತನಕ ಆಗಾಗ, "ನೀ ಬಂದಿ, ಗಾಡಿ ಹೋತು" ಅನ್ನುತ್ತಿದ್ದರು. ಚೇಷ್ಟೆಗೇ ಅನ್ನುತ್ತಿದ್ದರು. ಆದರೂ ರಸ್ತೆಯಲ್ಲಿ ಯಾವುದಾದರೂ ಬೈಕ್ ಜೋರಾಗಿ ಹೋದಾಗ ಇವರು ತಿರುಗಿ ನೋಡುವುದನ್ನು ನಾನು ನೋಡುತ್ತಿದ್ದೆ. ಹೊಸ್ತಿಲ ಮೇಲಿನ ಸೇರಕ್ಕಿಯ ಜೊತೆಗೆ ಇನ್ನೇನನ್ನೋ ಒದ್ದು ಒಳಗೆ ಬಂದೆನೇನೋ ಅನ್ನಿಸುತ್ತಿತ್ತು.

ಈ ಬೇಸಿಗೆಯಲ್ಲಿ ಪೈಪಿನ ಅಳತೆಗೆಂದು ತಿಕೋಟಾಕ್ಕೆ ಹೋದವರು ಸಂಜೆ ಮನೆಗೆ ಬಂದು ಚಹಾ ಮುಟ್ಟಲಿಲ್ಲ.

"ನನ್ನ ಗಾಡಿ ನೋಡಿದೆ," ಅಂದರು. "ಒಣದ್ರಾಕ್ಷಿ ಶೆಡ್ಡಿನ ಮೂಲ್ಯಾಗ, ಗೋಣಿಚೀಲದ ಬುಡಕ. ಹಿಂದಿನ ಗಾಲಿಗೆ ಟಾಯರೇ ಇಲ್ಲ. ಹಾಳ ಬಿದ್ದೈತಿ."

"ತರ್ರಿ ಮತ್ತ," ಅಂದೆ.

ಮದುವೆಯಾದಾಗಿನಿಂದ ಇವರು ನನ್ನನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು.

ಶೆಡ್ ನೀಲವ್ವನದು. ಅಂದು ಗಾಡಿ ಕೊಂಡದ್ದು ಅವರ ಗಂಡ. ಈಗ ಅವರಿಗೆ ಮೊಣಕಾಲು ನೋವು, ವ್ಯವಹಾರವೆಲ್ಲ ನೀಲವ್ವನದೇ. ಕೇಳಿದಾಗ ಇಲ್ಲ ಅನ್ನಲಿಲ್ಲ. "ಹ್ವಾದ ವರ್ಷ ಕರೆಂಟಿನ ಮಷೀನ್ ಬಂತು. ಇನ್ನ ಅದಕ್ಕ ಇಲ್ಲಿ ಕೆಲಸಿಲ್ಲ. ತಗೊಂಡ್ ಹೋಗ್ರಿ," ಅಂದರಂತೆ. ಇವರು ದುಡ್ಡು ಕೊಟ್ಟು, ಟೆಂಪೋಕ್ಕೆ ಹೇರಿಸಿಕೊಂಡು ನೇರ ಬಬಲೇಶ್ವರಕ್ಕೆ ಒಯ್ದರು. ಅಲ್ಲಿ ಈರಣ್ಣ ಮಿಸ್ತ್ರಿ ಇದ್ದಾರೆ, ಹಳೆಯ ಟೂ ಸ್ಟ್ರೋಕ್ ಗಾಡಿಗಳ ಡಾಕ್ಟರು. ಕೀಲಿ ಕೇಳುವ ನೆನಪು ಆ ಸಂಭ್ರಮದಲ್ಲಿ ಯಾರಿಗಿತ್ತು?

ಅಲ್ಲಿಂದ ಶುರುವಾಯಿತು ನೋಡಿ ಪುರಾಣ. ಹಾಲಿನವನಿಗೆ, ಕ್ಷೌರದ ಅಂಗಡಿಯಲ್ಲಿ, ನನ್ನ ತಂಗಿಯ ಫೋನಿನಲ್ಲಿ, ಎಲ್ಲ ಕಡೆ ಒಂದೇ ಅಧ್ಯಾಯ. "ಹಾಳ ಬಿದ್ದಿತ್ತ್ರಿ. ಇನ್ನೊಂದ ವರ್ಷ ಬಿಟ್ಟಿದ್ರ ಗುಜರಿಗೆ ಹೋಗ್ತಿತ್ತು. ನಾ ಹೋಗಿ ಉಳಿಸಿದೆ."

ನನ್ನ ಪಾಲಿನ ಕೆಲಸವೂ ಇತ್ತು. ಪೆಟ್ರೋಲ್ ಟ್ಯಾಂಕಿನ ಒಳಗಿನ ತುಕ್ಕಿಗೆ ಮಿಸ್ತ್ರಿ ಯಾವುದೋ ಆ್ಯಸಿಡ್ ಅಂದರು. ನಾನು ಹುಣಸೆಹಣ್ಣು ಅಂದೆ. ದೇವರ ಹಿತ್ತಾಳೆ ಸಾಮಾನು ತಿಕ್ಕುವವಳಿಗೆ ಇಷ್ಟೂ ತಿಳಿಯದೇ? ಎರಡು ದಿನ ಹುಣಸೆ ನೀರು, ಒಂದು ಹಿಡಿ ಸಣ್ಣ ಹರಳುಕಲ್ಲು. ಗಂಡ ಹೆಂಡತಿ ಎದುರುಬದುರು ಕೂತು, ಟ್ಯಾಂಕನ್ನು ತೊಟ್ಟಿಲು ತೂಗಿದ ಹಾಗೆ ತೂಗಿದೆವು. ತುಕ್ಕು ಬಿಟ್ಟಿತು. (ನನ್ನ ಸೊಂಟ ಹಿಡಿಯಿತು.)

ಎಂಜಿನ್ ಬಿಚ್ಚಿದ ದಿನ ನಾನೂ ಬಬಲೇಶ್ವರಕ್ಕೆ ಹೋಗಿದ್ದೆ. ಮಿಸ್ತ್ರಿ ಪಿಸ್ಟನ್ನನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಸಾಹೇಬ್ರ, ಇದು ಹಾಳ ಬಿದ್ದಿತ್ತು ಅಂದ್ರೆಲ್ಲ, ಯಾರ್ ಹೇಳಿದ್ರು?"

"ಯಾರ್ ಯಾಕ ಹೇಳ್ಬೇಕು? ನಾನ ಕಣ್ಣಾರೆ ನೋಡೀನಿ."

"ಕಣ್ಣಿಗೆ ಕಾಣೂದು ಮ್ಯಾಲಿನ ಧೂಳ. ಕುಂತ ಎಂಜಿನ್ ಕಲ್ಲಾಗಿರ್ತೈತಿ. ಇದನ್ನ ಯಾರೋ ವರ್ಷಾ ವರ್ಷಾ ಓಡಿಸ್ಯಾರ. ಹೊತ್ತಿಗೆ ಸರಿಯಾಗಿ ಎಣ್ಣಿ ಕುಡಿಸ್ಯಾರ."

ಇವರು ಕಿವಿಗೆ ಹಾಕಿಕೊಳ್ಳಲಿಲ್ಲ. ಹಳೇ ಕಾಲದ ಮಾಲು ಗಟ್ಟಿ ಇರುತ್ತಿತ್ತು ಅಂತ ಹೇಳಿ ಮುಗಿಸಿದರು.

ನನ್ನ ಕಣ್ಣು ಹ್ಯಾಂಡಲ್ ಮೇಲಿತ್ತು. ಕೈ ಹಿಡಿಯುವ ರಬ್ಬರು ಯಾವಾಗಲೋ ಹೋಗಿ, ಎರಡೂ ತುದಿಯ ಬರಿ ಕಬ್ಬಿಣಕ್ಕೆ ಬಣ್ಣ ಬಳಿದಿತ್ತು. ಉಗುರಿನಿಂದ ಕೆರೆದೆ. ಕೆಂಪು. ಅದರ ಕೆಳಗೆ ಹಳದಿ. ಅದರ ಕೆಳಗೆ ಹಸಿರು. ಮತ್ತೆ ಕೆಂಪು. ಉಳ್ಳಾಗಡ್ಡಿ ಸುಲಿದ ಹಾಗೆ ಪದರದ ಕೆಳಗೆ ಪದರ.

"ರೀ, ಇದ್ಯಾಕ ಹಿಂಗೈತಿ?"

"ತುಕ್ಕ ಹತ್ತಬಾರ್ದಂತ ಬಳದಿರ್ತಾರ. ಕ್ರೋಮ್ ಮಾಡಿಸಿದ್ರ ಹೋಗ್ತೈತಿ."

ಮಾಡಿಸಿದರು. ಹೋಯಿತು.

ಕೊನೆಗೆ ಉಳಿದದ್ದು ಲಾಕ್. "ಡ್ರಿಲ್ ಹಚ್ಚಿದ್ರ ಲಾಕ್ ಒಂದ ಹೋಗೂದಿಲ್ಲ, ಗಾಡಿ ಕುತ್ತಿಗೀನೂ ಹೋಗ್ತೈತಿ. ಕೀಲಿ ತರ್ರಿ," ಅಂದು ಮಿಸ್ತ್ರಿ ಗಾಡಿಯನ್ನು ಟೆಂಪೋದಲ್ಲಿ ನಮ್ಮ ಮನೆಗೆ ಕಳಿಸಿಬಿಟ್ಟರು. ಇತ್ತ ನೀಲವ್ವನ ಉತ್ತರ ನಿಮಗೆ ಗೊತ್ತೇ ಇದೆ.

ಇವರ ಸಿಟ್ಟು ದಿನಕ್ಕೊಂದು ಮೆಟ್ಟಿಲು ಏರಿತು. "ಗಾಡಿ ಹೊಸಾದಂಗ ಆಗೈತಿ ಅಂತ ಯಾರೋ ಹೇಳ್ಯಾರ. ಆಕಿ ಮನಸ್ಸ ತಿರುಗೈತಿ. ನಾಲ್ಕ ಮಂದ್ಯಾಗ ನಿಲ್ಲಿಸಿ ಕೇಳ್ತೇನಿ." ಹದಿನಾರನೇ ದಿನ ಹೊರಟೇಬಿಟ್ಟರು. ನಾನೂ ಚಪ್ಪಲಿ ಮೆಟ್ಟಿದೆ. ಒಬ್ಬ ಹೆಣ್ಣುಮಗಳ ಅಂಗಳದಲ್ಲಿ ನಿಂತು ಇವರು ಆಡಬಾರದ್ದು ಆಡಿಬಿಟ್ಟರೆ? ಆಮೇಲೆ ಆ ಗಾಡಿ ಮನೆಯಲ್ಲಿದ್ದೂ ಏನು ಸುಖ?

ಶೆಡ್ಡಿನ ತುಂಬ ಒಣದ್ರಾಕ್ಷಿಯ ಸಿಹಿ ವಾಸನೆ. ನೀಲವ್ವನಿಗೆ ಅರವತ್ತು ದಾಟಿರಬೇಕು. ಹಣೆ ತುಂಬ ಕುಂಕುಮ, ಸೆರಗು ಸೊಂಟಕ್ಕೆ. ತಂಬಿಗೆಯಲ್ಲಿ ನೀರು, ತಾಟಿನಲ್ಲಿ ಒಂದು ಬೊಗಸೆ ಒಣದ್ರಾಕ್ಷಿ ತಂದಿಟ್ಟರು. ಹೊರಸಿನ ಮೇಲೆ ಕಾಲು ಚಾಚಿ ಕೂತಿದ್ದ ಅವರ ಗಂಡ ಸರಿದು ಜಾಗ ಮಾಡಿದರು. ಇವರು ಕೂರಲಿಲ್ಲ.

"ನೀಲವ್ವಾರ, ಗಾಡಿ ಕೊಟ್ಟ ಮ್ಯಾಲ ಕೀಲಿ ಇಟಗೊಳ್ಳೂದು ಯಾವ ನ್ಯಾಯ?"

"ಕುಂದರ್ರಿ ಮೊದಲ."

"ಕುಂದರಾಕ ಬಂದಿಲ್ರಿ."

"ಯಪ್ಪಾ, ದನಾ ಮಾರಿದ್ರ ಹಗ್ಗ ಕೊಡ್ತಾರೇನು?"

ನೀಲವ್ವ ನೋಡಿದ ಕಡೆ ನಾನು ನೋಡಿದೆ. ದೇವರ ಜಗಲಿಯ ಪಕ್ಕದ ಗೂಟಕ್ಕೆ ಮೂರು ಹಳೆಯ ಹಗ್ಗಗಳು, ತಿಕ್ಕಿ ತಿಕ್ಕಿ ನುಣ್ಣಗಾದವು. ಕೊನೆಯ ಹಗ್ಗದ ತುದಿಗೆ ದಾರದಲ್ಲಿ ಕಟ್ಟಿದ ಒಂದು ಸಣ್ಣ ಕೀಲಿ.

"ಎರಡ ಎತ್ತಿಂದು, ಒಂದ ಆಕಳದ್ದು," ಅಂದರು ನೀಲವ್ವ. "ನನ್ನ ತವರಮನಿ ಮಮದಾಪುರ, ದನಾ ಕಾಯೂ ಮಂದಿ ನಾವು. ದುಡಿದ ಜೀವ ಮನಿ ಬಿಟ್ಟ ಹೋಗೂಮುಂದ ಹಗ್ಗ ಬಿಚ್ಚಿ ಇಟಗೋಬೇಕು. ಇಲ್ಲಾಂದ್ರ ಲಕ್ಷ್ಮಿ ಅದರ ಹಿಂದ ಹೋಗ್ತಾಳ. ಕೊಂಡವರು ಹೊಸಾ ಹಗ್ಗ ತರ್ತಾರ."

"ಅದು ದನಾ ಅಲ್ರೀ, ಗಾಡಿ," ಅಂದರು ಇವರು. ದನಿ ಇಳಿದಿತ್ತು.

"ನಿಮಗ ಗಾಡಿ."

ಗಂಡನಿಗೆ ಕಿಕ್ ಹೊಡೆಯಲು ಆಗದಾದ ಮೇಲೆ ನೀಲವ್ವ ಆ ಬೈಕನ್ನು ಶೆಡ್ಡಿನೊಳಗೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ್ದರು. ಹಿಂದಿನ ಟೈರು ಬಿಚ್ಚಿ, ಬರಿ ಗಾಲಿಗೆ ಬೆಲ್ಟ್ ಹಾಕಿ, ಅದರಿಂದ ದೊಡ್ಡ ಫ್ಯಾನ್ ತಿರುಗಿಸಿದರು. ಆ ಗಾಳಿಗೆ ಒಣದ್ರಾಕ್ಷಿ ಸುರಿದರೆ ಕಡ್ಡಿ, ಧೂಳು ಹಾರಿ ಮಾಲು ಸ್ವಚ್ಛ.

"ಹದಿನಾರ ಸೀಜನ್ ತೂರೀನ್ರಿ ಅದರ ಗಾಳಿಗೆ. ಹ್ಯಾಂಡಲ್ ಅಲ್ಲಾಡಬಾರ್ದಂತ ಲಾಕ್ ಹಾಕ್ತಿದ್ದೆ. ಕಾರಹುಣ್ಣಿಮಿಗೆ ಎತ್ತಿನ ಕೋಡಿಗೆ ಬಣ್ಣಾ ಹಚ್ಚೂಮುಂದ ಅದಕ್ಕೂ ಹಚ್ಚತಿದ್ದೆ. ಎತ್ತಿನ ಸಮಾ ದುಡೀತಿತ್ತು. ಅದನ್ನೊಂದ ಹ್ಯಾಂಗ ಬಿಡೂದು?"

ಕೆಂಪು. ಹಳದಿ. ಹಸಿರು. ನನ್ನ ಉಗುರಿಗೆ ಸಿಕ್ಕಿದ್ದು ಹದಿನಾರು ಕಾರಹುಣ್ಣಿಮೆ.

ಇವರು ಹೊರಸಿನ ಮೇಲೆ ಕೂತರು. ತಾಟಿನಿಂದ ಒಂದು ಒಣದ್ರಾಕ್ಷಿ ತೆಗೆದು ಬಾಯಿಗೆ ಹಾಕಿಕೊಂಡರು. ಅದೇ ಅವರು ತಪ್ಪೊಪ್ಪಿಕೊಳ್ಳುವ ರೀತಿ, ನನಗೆ ಗೊತ್ತು.

ನನಗೆ ಬೇರೊಂದು ಮಾತು ನೆನಪಾಯಿತು. "ನಿಮ್ಮ ಮನಿಯವರು ಏನ್ ಮಾಡ್ತಾರ್ರಿ?" ಅಂತ ಯಾರಾದರೂ ನನ್ನ ಬಗ್ಗೆ ಕೇಳಿದರೆ ಇವರು, "ಏನಿಲ್ರಿ, ಮನಿಯಾಗ ಇರ್ತಾಳ" ಅನ್ನುತ್ತಾರೆ. ಕೆಟ್ಟ ಮನಸ್ಸಿನಿಂದಲ್ಲ. ಶೆಡ್ಡಿನ ಬಾಗಿಲಲ್ಲಿ ನಿಂತು ನೋಡಿದವರಿಗೆ ಗೋಣಿಚೀಲವಷ್ಟೇ ಕಾಣುತ್ತದೆ.

"ಹೊಸಾ ಹಗ್ಗ ನಾವು ತರ್ತೇವ್ರಿ," ಅಂದೆ. "ಆದ್ರ ನಿಮ್ಮ ಹಗ್ಗ ನೋಡೇ ಹೊಸೀಬೇಕು. ಡೂಪ್ಲಿಕೇಟ್ ಮಾಡಿಸಿಕೊಂಡು ವಾಪಸ್ ಕೊಡ್ತೇವಿ."

ನೀಲವ್ವ ನಕ್ಕರು. "ಕೀಲಿ ಹೊಸ್ತಿಲಾ ದಾಟಿದ್ರ ನಾನೂ ದಾಟ್ತೇನಿ ತಂಗಿ. ನಾಡದು ಎತ್ತಿನ ಬಣ್ಣಾ ತರಾಕ ಬಸ್ಸಿಗೆ ಬರೂದೈತಿ. ಆಗ ತರ್ತೇನಿ."

ಬಂದರು. ಗುಡಿಯ ಹತ್ತಿರದ ಮಾರ್ಕೆಟ್ಟಿನಲ್ಲಿ ಛತ್ರಿಯ ಕೆಳಗೆ ಕೂರುವ ಕೀಲಿ ಮಾಡುವವನ ಮುಂದೆ ನಾವು ಮೂವರೂ ಕುಕ್ಕರಗಾಲಲ್ಲಿ ಕೂತೆವು. ನೀಲವ್ವ ಕೀಲಿ ಕೊಡಲಿಲ್ಲ. "ನಾ ಹಿಡಕೊಂಡಿರ್ತೇನಿ, ನೀ ನೋಡಿ ಮಾಡು."

"ಯವ್ವಾ, ಕೀಲಿ ಜೋಡಿ ನಿನ್ನ ಬೆರಳಿಗೂ ಡೂಪ್ಲಿಕೇಟ್ ಆದೀತು," ಅಂದ ಆತ.

ಕೊನೆಗೆ ಕೊಟ್ಟರು. ಆದರೆ ಕೀಲಿಗೆ ಕಟ್ಟಿದ ದಾರದ ತುದಿ ಅವರ ತೋರುಬೆರಳಿಗೆ ಸುತ್ತಿತ್ತು. ಸಂತೆಯಲ್ಲಿ ದನ ಹಿಡಿದು ನಿಂತವರ ಹಾಗೆ.

ಮನೆಗೆ ಬಂದು ಹೊಸ ಕೀಲಿ ತಿರುವಿದರೆ, ಟಕ್. ಗಾಡಿಯ ಕುತ್ತಿಗೆ ನೆಟ್ಟಗಾಯಿತು. ಇವರು ಕಿಕ್ ಹೊಡೆದರು. ಇಲ್ಲ. ಮತ್ತೆ. ಇಲ್ಲ. ಒಂಬತ್ತನೆಯದಕ್ಕೆ ಅಂಗಿ ಬೆನ್ನಿಗೆ ಅಂಟಿತು. ಎದುರು ಮನೆಯವರು ಕಟ್ಟೆಗೆ ಬಂದು ನಿಂತರು.

"ಎಡಕ್ಕ ಒಂದೀಟ ಬಾಗಸ್ರಿ," ಅಂದರು ನೀಲವ್ವ, ಕೂತಲ್ಲಿಂದಲೇ. "ಹಾಂ. ಈಗ ಮನಸ್ಸಿನಾಗ ಹತ್ತರ ಮಟಾ ಎಣಸ್ರಿ. ಅದಕ್ಕ ಅವಸರ ಸೇರೂದಿಲ್ಲ."

ಇವರು ಎಣಿಸಿದರು. ತುಟಿ ಅಲ್ಲಾಡಿದ್ದು ನನಗೆ ಕಂಡಿತು. ಒಂದೇ ಕಿಕ್. ಓಣಿ ತುಂಬ ನೀಲಿ ಹೊಗೆ, ಮಾಳಿಗೆಯ ಮೇಲಿದ್ದ ಪಾರಿವಾಳಗಳೆಲ್ಲ ಆಕಾಶಕ್ಕೆ. ಇವರ ಮುಖದಲ್ಲಿ ನಾನು ನೋಡದೇ ಇದ್ದ ಒಬ್ಬ ಹುಡುಗ.

"ಭಾರಿ ಆಗೈತ್ರಿ," ಎದುರು ಮನೆಯವರು ಕೂಗಿದರು. "ಎಲ್ಲಿ ಹಾಳ ಬಿದ್ದಿತ್ರಿ ಇದು?"

ನಾನು ಪುರಾಣಕ್ಕೆ ತಯಾರಾದೆ.

"ಹಾಳ ಬಿದ್ದಿರಲಿಲ್ರಿ," ಅಂದರು ಇವರು. "ತಿಕೋಟಾದಾಗ ದುಡೀತಿತ್ತು."

ನೀಲವ್ವ ತಲೆ ಎತ್ತಲಿಲ್ಲ. ಚೀಲದಲ್ಲಿ ಏನೋ ಹುಡುಕುತ್ತಿದ್ದರು. ಎತ್ತಿಗೆಂದು ಕೊಂಡ ಕೆಂಪು ಬಣ್ಣದ ಡಬ್ಬಿ ತೆಗೆದು, "ಕೋಡ ಬೋಳಿಸೀರಲ್ಲ," ಅನ್ನುತ್ತ ಹ್ಯಾಂಡಲ್ಲಿನ ಹೊಸ ರಬ್ಬರಿನ ಎರಡೂ ತುದಿಗೆ ಬೆರಳಿನಿಂದ ಹಚ್ಚಿದರು. ಅಷ್ಟು ದಿನ ಆ ಗಾಡಿಯ ಮೇಲೆ ನೊಣ ಕೂರಲು ಬಿಡದ ಮನುಷ್ಯ ಸುಮ್ಮನೆ ನಿಂತು ಹಚ್ಚಿಸಿಕೊಂಡರು.

ಕಾನ್ವೆಂಟಿನಲ್ಲಿ ನಮಗೆ ಥ್ಯಾಂಕ್ ಯೂ ಲೆಟರ್ ಕಲಿಸಿದ ಸಿಸ್ಟರ್ ಒಬ್ಬರಿದ್ದರು. ಬರೀ ಥ್ಯಾಂಕ್ ಯೂ ಬರೆದರೆ ಅರ್ಧ ಮಾರ್ಕು. ಯಾತಕ್ಕೆ ಅಂತ ಬರೆದರೆ ಮಾತ್ರ ಪೂರ್ತಿ. ಅಂದು ನೀಲವ್ವನಿಗೆ ಖಣ, ತೆಂಗಿನಕಾಯಿ, ಅಕ್ಕಿ ಇಟ್ಟು ಉಡಿ ತುಂಬುವಾಗ, "ಭಾಳ ಉಪಕಾರ ಆತ್ರಿ" ಅಂದೆ.

"ಯಾತರ ಉಪಕಾರ ತಂಗಿ? ಅದು ದುಡೀತು, ನಾ ಎಣ್ಣಿ ಹಾಕಿದೆ," ಅಂದರು.

ಉಳಿದರ್ಧ ಮಾರ್ಕಿನ ಮಾತು ಅಂದು ಬಾಕಿ ಉಳಿಯಿತು. ಇಲ್ಲಿ ಬರೆಯುತ್ತೇನೆ. ನಾನು ಹೊಸ್ತಿಲಾಚೆ ಒದ್ದುಬಿಟ್ಟೆ ಅಂದುಕೊಂಡಿದ್ದ ನನ್ನ ಗಂಡನ ಇಪ್ಪತ್ತೈದನೇ ವಯಸ್ಸನ್ನು, ವರ್ಷವರ್ಷವೂ ಎಣ್ಣೆ ಹಾಕಿ, ಬಣ್ಣ ಹಚ್ಚಿ ಕಾಯ್ದಿಟ್ಟದ್ದಕ್ಕೆ, ನೀಲವ್ವ, ಥ್ಯಾಂಕ್ ಯೂ.

ಈಗ ಭಾನುವಾರ ಬೆಳಿಗ್ಗೆ ನಾವಿಬ್ಬರೂ ಬಬಲೇಶ್ವರದ ರಸ್ತೆಯಲ್ಲಿ ಹೋಗಿ ಬರುತ್ತೇವೆ. ಹಾರುವುದಿಲ್ಲ. ಹಂಪ್ ಬಂದರೆ ಇವರು ನೂರು ಅಡಿ ಮೊದಲೇ ಬ್ರೇಕ್ ಹಿಡಿಯುತ್ತಾರೆ. ಹಳೇ ಗಾಡಿ ನೋಡಿದವರು ನಿಲ್ಲಿಸಿ ಮಾತಾಡಿಸುತ್ತಾರೆ. ಮೊನ್ನೆ ಒಬ್ಬರು ಕೀಲಿ ನೋಡಿ, "ಇದು ಡೂಪ್ಲಿಕೇಟ್ ಐತಲ್ರಿ, ಒರಿಜಿನಲ್ ಕಳದೈತೇನು?" ಅಂದರು.

"ಕಳದಿ‌ಲ್ರಿ. ಇರಬೇಕಾದಲ್ಲೇ ಐತಿ," ಅಂದರು ಇವರು.

ಗಾಡಿ ಕೊಂಡವರದು. ಹಗ್ಗ ಸಾಕಿದವರದು.