ಶನಿವಾರ ಕೊಟ್ಟ ಕಬ್ಬಿಣ

ಅಕ್ಕನ ಮಿರ್ಚಿ ಬಂಡಿ ಮಸ್ಕಿಯ ಸರ್ಕಲ್ಲಿನಲ್ಲಿದೆ. ನಾನು ಲಿಂಗಸುಗೂರಿನಲ್ಲಿ ಮೇಷ್ಟ್ರು. ಸಂಜೆ ಬಸ್ಸಿಳಿದು ಅಲ್ಲೇ ಎರಡು ಮಿರ್ಚಿ ತಿಂದು ಮನೆಗೆ ಹೋಗುವುದು ರೂಢಿ. ಹೋದ ವರ್ಷ ಊರಿನ ಯುವಕರು ಸೇರಿ ಆ ಸರ್ಕಲ್ಲಿಗೊಂದು ಎತ್ತು ನಿಲ್ಲಿಸಬೇಕೆಂದರು. ಕಲ್ಲಿನದಲ್ಲ, ಮನೆಮನೆಯ ಹಳೆ ಕಬ್ಬಿಣದ್ದು.

ಮೈಕ್ ಕಟ್ಟಿದ ಆಟೋ ಕಬ್ಬಿಣ ಕೇಳುತ್ತ ಬಂದದ್ದು ಶನಿವಾರ. ನಮ್ಮ ಕಡೆ ಶನಿವಾರ ಕಬ್ಬಿಣವನ್ನು ಯಾರೂ ಮನೆಯೊಳಗೆ ತರುವುದಿಲ್ಲ. ಆದರೆ ದಾನ ಕೊಟ್ಟರೆ ಶನಿಕಾಟವೂ ಅದರ ಜೊತೆಗೇ ಮನೆ ಬಿಡುತ್ತದೆಂಬ ನಂಬಿಕೆ. ಹಾಗಾಗಿ ಸೊಟ್ಟ ಮೊಳೆಯನ್ನೂ ಬಿಡದ ಜಿಪುಣರು ಅಂದು ಕರ್ಣರಾದರು. ಕುಡುಗೋಲು, ಸೈಕಲ್ ಚೈನು, ನೇಗಿಲ ಕುಳ ಎಲ್ಲ ಬಂದು ಆಟೋ ತುಂಬಿತು. ಅಕ್ಕನೂ ತಳ ಸವೆದ ಕಡಾಯಿ ಕೊಟ್ಟಳು. ನಮ್ಮ ಮನೆಯ ಗೋಡೆಯ ಮೇಲಿರುವುದು ಬುದ್ಧನ ಫೋಟೊ. ಶನಿಯ ಗೊಡವೆ ನಮಗಿಲ್ಲ. ಎತ್ತು ಚಂದ ಬರಲಿ ಎಂದಷ್ಟೇ ಕೊಟ್ಟಳು.

ಸಿಂಧನೂರಿನಿಂದ ಬಂದ ಕಲಾವಿದ ವೆಲ್ಡಿಂಗ್ ಮಾಡಿ ನಿಲ್ಲಿಸಿದ. ಚಂದವೇ ಬಂತು. ಕುಡುಗೋಲುಗಳು ಕೋಡಾದವು, ಅಕ್ಕನ ಕಡಾಯಿ ಬೋರಲಾಗಿ ಡುಬ್ಬವಾಯಿತು. ಮಧ್ಯಾಹ್ನ ಬಂಡಿಗೆ ಅದರ ನೆರಳೂ ಸಿಕ್ಕಿತು.

ಆಮೇಲೆ ಯಾರೋ ಅಂದರು: “ಇದ್ರಾಗ ಊರ ಶನಿಯೆಲ್ಲಾ ಬಂದು ಕುಂತೈತಿ ನೋಡ್ರಿ.”

ಮುಗಿಯಿತು. ನೆರಳು ಸೋಕೀತೆಂದು ಜನ ಸುತ್ತು ಹಾಕಿ ನಡೆಯತೊಡಗಿದರು. ಗಿರಾಕಿಗಳು ತಪ್ಪಿದರು. ಉಳಿದ ಮಿರ್ಚಿಯನ್ನು ನಾವೇ ರೊಟ್ಟಿಗೆ ನಂಜಿಕೊಂಡೆವು. ಅಕ್ಕನ ಸಂಸಾರಕ್ಕೆ ಆ ಬಂಡಿಯೊಂದೇ ಆಸರೆ. ನನಗೆ ಮೈಯೆಲ್ಲ ಉರಿದುಹೋಯಿತು. ಬಂಡಿಯನ್ನು ಬಸ್‌ಸ್ಟ್ಯಾಂಡಿನ ಕಡೆ ಹಾಕು ಎಂದೆ.

“ಯಾಕ ಹೋಗಲಿ? ಎತ್ತು ನನಗೇನ್ ಹಾದೈತೇನು?” ಎಂದಳು.

ಕೊನೆಗೆ ಒಂದು ಸಂಜೆ ನಾಲ್ಕಾರು ಹಿರಿಯರು ಬಂದು, ಎತ್ತನ್ನು ಕೀಳಿಸಲೇಬೇಕೆಂದು ಅಲ್ಲೇ ದೂರ ನಿಂತು ಮಾತು ಶುರು ಮಾಡಿದರು. ಅಕ್ಕ ಹಿಟ್ಟಿನ ಕೈ ಒರೆಸಿಕೊಂಡು ಮುಂದೆ ಬಂದಳು.

“ಕೀಳಸ್ರಿ, ಬ್ಯಾಡನ್ನಂಗಿಲ್ಲ. ನನ್ನ ಕಡಾಯಿ ನಾ ಒಯ್ತೀನಿ. ನೀವೂ ನಿಮ್ಮ ನಿಮ್ಮ ಕಬ್ಬಿಣ ನಿಮ್ಮ ನಿಮ್ಮ ಮನೀಗೆ ಒಯ್ಯಿರಿ.”

ಕಳಿಸಿಕೊಟ್ಟ ಶನಿಯನ್ನು ಕೈಯಾರೆ ಮನೆಗೆ ಕರೆದೊಯ್ಯುವವರು ಯಾರು? ನನಗೆ ನಗುವೂ ಬಂತು, ಅಕ್ಕನ ಮೇಲೆ ಹೆಮ್ಮೆಯೂ ಆಯಿತು. ಎಲ್ಲರಿಗಿಂತ ಜೋರಾಗಿ ಮಾತಾಡಿದ್ದ ಮುದುಕರೊಬ್ಬರು ಎತ್ತನ್ನೊಮ್ಮೆ ನೋಡಿದರು. ಟವೆಲ್ ಕೊಡವಿ, ಅದರ ಹೊಟ್ಟೆಯಡಿಯ ಕಟ್ಟೆಯ ಮೇಲೆ ಕುಳಿತರು.

“ಇರಲಿ ಬಿಡವ್ವಾ, ಅದು ಇಲ್ಲೇ ಚಲೋ ಐತಿ. ಒಂದು ಪ್ಲೇಟ್ ಮಿರ್ಚಿ ಕೊಡು, ಬಿಸೀವು.”